ಬೆನ್ನಕ್ಕನ ಪ್ರಶ್ನೆ

ಮೂಳೆ ವಾರ್ಡಿನ ಹಿರಿಯ ಸಿಸ್ಟರ್‌ಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದ ಎಲ್ಲರ ಬಾಯಲ್ಲಿ ಅವಳು ಬೆನ್ನಕ್ಕ. ಯಾವ ಕಾಲದಲ್ಲೋ ಸೊಂಟಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ರೋಗಿಯೊಬ್ಬ, ಅವಳು ರಜೆ ಹಾಕಿದ ದಿನ, "ಆ ಬೆನ್ನು ಉಜ್ಜೋ ಅಕ್ಕ ಎಲ್ಲಿ?" ಎಂದು ಬೆಳಗ್ಗಿನಿಂದ ಸಂಜೆಯವರೆಗೆ ಕಂಡಕಂಡವರನ್ನು ಕೇಳಿ ತಲೆ ತಿಂದಿದ್ದನಂತೆ. ಅವನು ಮನೆಗೆ ಹೋದ, ಹೆಸರು ಉಳಿಯಿತು. ಅವಳಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ಒಳಗೊಳಗೆ ಹೆಮ್ಮೆಯೇ ಇತ್ತು.

ಹೆಮ್ಮೆಪಡುವ ಹಾಗೇ ಇತ್ತು ಅವಳ ಕೆಲಸ. ಬೆಳಗ್ಗೆ ಹಾಸಿಗೆಗಳ ಚಾದರ ಬದಲಿಸಿ ಮುಗಿದ ಮೇಲೆ ಅವಳು ಬೇಸಿನ್ನಿನಲ್ಲಿ ಬಿಸಿನೀರು, ಹೆಗಲ ಮೇಲೆ ಟವೆಲ್ಲು, ಟ್ರೇಯಲ್ಲಿ ಸ್ಪಿರಿಟ್ಟು, ಪೌಡರು ಇಟ್ಟುಕೊಂಡು ಹೊರಡುತ್ತಿದ್ದಳು. ಎದ್ದು ಓಡಾಡಲಾರದ ರೋಗಿಗಳ ಪಕ್ಕಕ್ಕೆ ಪರದೆ ಎಳೆದು, ಅವರನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ಒರೆಸಿ, ಆಮೇಲೆ ಅಂಗೈ ಊರಿ ಉಜ್ಜುತ್ತಿದ್ದಳು. ಬೆನ್ನುಮೂಳೆಯ ಬುಡದಲ್ಲಿ, ಸೊಂಟದ ಎಲುಬಿನ ಮೇಲೆ ಚರ್ಮ ಕೆಂಪಾಗಿದ್ದರೆ ಅಲ್ಲಿ ಇನ್ನಷ್ಟು ಹೊತ್ತು, ಇನ್ನಷ್ಟು ಒತ್ತಿ. "ರಕ್ತ ಓಡಾಡಬೇಕು. ಓಡಾಡದಿದ್ರೆ ಹಾಸಿಗೆ ಹುಣ್ಣು ಆಗ್ತದೆ," ಎಂದು ಕಲಿಯಲು ಬಂದ ನರ್ಸಿಂಗ್ ಹುಡುಗಿಯರಿಗೆ ಹೇಳುತ್ತಿದ್ದಳು. ಅವಳಿಗೆ ಅವಳ ಗುರು ಹೇಳಿದ್ದೂ ಅದನ್ನೇ. ಅವಳ ಅಂಗೈ ಬಿದ್ದ ಕೂಡಲೇ ರೋಗಿಗಳು ಬಿಡುತ್ತಿದ್ದ ನಿಟ್ಟುಸಿರು ಪರದೆಯಾಚೆಯವರಿಗೂ ಕೇಳುತ್ತಿತ್ತು. ಬೇರೆ ವಾರ್ಡಿನವರು ಕೆಲಸ ಜಾಸ್ತಿ, ಜನ ಕಡಿಮೆ ಎಂದು ಬೆನ್ನು ಉಜ್ಜುವುದನ್ನು ಎಂದೋ ಕೈಬಿಟ್ಟಿದ್ದರು. ಅವರನ್ನು ಕಂಡರೆ ಬೆನ್ನಕ್ಕ ಮೂಗು ಮುರಿಯುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಗೆ ಹೊಸ ಮೇಟ್ರನ್ ಬಂದರು. ಬಂದವರು ವಾರಕ್ಕೊಮ್ಮೆ, ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ, ಚಾದರಗಳನ್ನು ಒಟ್ಟಿದ ಸ್ಟೋರ್ ರೂಮಿನಲ್ಲಿ ಒಂದು ಸಭೆ ಶುರು ಮಾಡಿದರು. ಒಂದೊಂದು ವಾರ ಒಂದೊಂದು ವಾರ್ಡಿನವರು ತಾವು ದಿನಾ ಮಾಡುವ ಒಂದು ಕೆಲಸವನ್ನು ಹಿಡಿದು, "ಇದನ್ನ ಯಾಕೆ ಮಾಡ್ತೀವಿ?" ಎಂದು ಕೇಳಬೇಕು. ಅದರ ಬಗ್ಗೆ ಲೋಕದಲ್ಲಿ ಯಾರು ಪರೀಕ್ಷೆ ಮಾಡಿದ್ದಾರೆ, ಏನು ಕಂಡಿದ್ದಾರೆ ಎಂದು ಹುಡುಕಿ ಓದಿ ಹೇಳುವ ಕೆಲಸ ಒಬ್ಬ ಎಳೆಯ ಸಿಸ್ಟರ್‌ದು. ಅವಳು ಹಿಂದೆ ಬೆನ್ನಕ್ಕನ ಕೈಕೆಳಗೇ ಕಲಿತವಳು. ಆಮೇಲೆ ಹೆಚ್ಚಿನ ಓದಿಗೆ ಹೋಗಿ ವಾಪಸು ಬಂದಿದ್ದಳು. ಎಲ್ಲರೂ ಅವಳನ್ನು ಓದೋ ಸಿಸ್ಟರ್ ಎನ್ನುತ್ತಿದ್ದರು, ಸಭೆಯನ್ನು ಯಾಕೆ ಸಭೆ ಎನ್ನುತ್ತಿದ್ದರು.

ಮೊದಮೊದಲು ನಗೆಚಾಟಿಕೆಯಾಗಿದ್ದ ಸಭೆ ಬರಬರುತ್ತಾ ಬಿಸಿಯಾಯಿತು. ಆಪರೇಷನ್‌ಗೆ ಹೋಗುವವರಿಗೆ ಹಿಂದಿನ ರಾತ್ರಿಯಿಂದಲೇ ಗುಟುಕು ನೀರೂ ಕೊಡದೆ ಇಡುವುದು ಯಾಕೆ ಎಂದು ಒಂದು ವಾರ್ಡಿನವರು ಕೇಳಿದರು. ಬಹಳಷ್ಟು ಜನರ ವಿಷಯದಲ್ಲಿ ಅಷ್ಟು ಹೊತ್ತು ಬಾಯಾರಿಸುವ ಅಗತ್ಯವೇ ಇಲ್ಲವೆಂದು ಓದೋ ಸಿಸ್ಟರ್ ತಿಳಿಸಿದಳು. ಅರಿವಳಿಕೆ ಡಾಕ್ಟರೂ ಒಪ್ಪಿದರು. ಅದು ಬದಲಾಯಿತು.

ಮೂಳೆ ವಾರ್ಡಿನ ಸರದಿ ಬಂದಾಗ ಬೆನ್ನಕ್ಕ ಎದ್ದುನಿಂತು, "ಬೆನ್ನು ಉಜ್ಜೋದು ತಗೊಳ್ಳಿ," ಎಂದಳು. ಅವಳ ಲೆಕ್ಕಾಚಾರ ಸರಳವಾಗಿತ್ತು. ದೊಡ್ಡ ದೊಡ್ಡ ಓದುಗಳೇ ಉಜ್ಜುವುದು ಒಳ್ಳೆಯದೆಂದು ಹೇಳಿಬಿಟ್ಟರೆ ಉಳಿದ ವಾರ್ಡಿನವರ ಬಾಯಿ ಮುಚ್ಚಿದಂತಾಗುತ್ತದೆ. ಉತ್ತರ ಬೇರೆ ಇರಬಹುದೆಂಬ ಯೋಚನೆ ಅವಳ ಹತ್ತಿರವೂ ಸುಳಿದಿರಲಿಲ್ಲ.

ಮುಂದಿನ ಸಭೆಗೆ ಇನ್ನೂ ಎರಡು ದಿನ ಇರುವಾಗ ಓದೋ ಸಿಸ್ಟರ್ ವಾರ್ಡಿಗೆ ಬಂದಳು. ಬೆನ್ನಕ್ಕ ಔಷಧಿ ಕಪಾಟಿನ ಪಕ್ಕದ ಮೂಲೆಯಲ್ಲಿ ನಿಂತು ಟೀ ಕುಡಿಯುತ್ತಿದ್ದಳು.

"ಅಕ್ಕ, ಎಲ್ಲರೆದುರಿಗೆ ಹೇಳೋಕೆ ಮುಂಚೆ ನಿಮಗೆ ಒಂದು ಮಾತು ಹೇಳಬೇಕು ಅನ್ನಿಸ್ತು."

"ಹೇಳು. ಅದಕ್ಯಾಕೆ ಮುಖ ಸಪ್ಪಗೆ ಮಾಡ್ಕೊಂಡಿದೀಯ?"

"ಬೆನ್ನು ಉಜ್ಜಿದ್ರೆ ಹುಣ್ಣಾಗಲ್ಲ ಅಂತ ಎಲ್ಲೂ ಸಿಗಲಿಲ್ಲ. ಮೂಳೆ ಎದ್ದಿರೋ ಕಡೆ, ಕೆಂಪಾಗಿರೋ ಕಡೆ ಉಜ್ಜಲೇಬೇಡಿ ಅಂತಾರೆ. ಕೆಂಪಾಗಿದೆ ಅಂದ್ರೆ ಒಳಗೆ ಆಗಲೇ ಪೆಟ್ಟಾಗಿರ್ತದೆ. ಅದರ ಮೇಲೆ ಒತ್ತಿ ಉಜ್ಜಿದ್ರೆ ಪೆಟ್ಟು ಜಾಸ್ತಿಯಾಗಬಹುದಂತೆ."

ಬೆನ್ನಕ್ಕ ಟೀ ಲೋಟ ಕೆಳಗಿಟ್ಟಳು. "ಅದನ್ನ ಬರೆದೋರು ಎಷ್ಟು ಬೆನ್ನು ನೋಡಿದಾರೆ?"

"ತುಂಬಾ ನೋಡಿದಾರಕ್ಕ. ನೀವೂ ನಾನೂ ಸೇರಿ ನೋಡಿದ್ದಕ್ಕಿಂತ ಜಾಸ್ತಿ."

"ಹಾಗಾದ್ರೆ ನಮ್ಮ ವಾರ್ಡಲ್ಲಿ ಹುಣ್ಣು ಕಡಿಮೆ ಯಾಕೆ? ಬೇರೆ ವಾರ್ಡು ಹೋಗಿ ನೋಡು. ಹೋದವರೆಲ್ಲ ಬೆನ್ನು ತೂತು ಮಾಡ್ಕೊಂಡು ಬರ್ತಾರೆ."

"ಕಡಿಮೆ ಇರೋದು ನಿಜ. ಆದರೆ ಉಜ್ಜೋಕೆ ಅಂತ ನೀವು ಅವರನ್ನ ಹೊರಳಿಸ್ತೀರ. ದಿನಾ ಬೆನ್ನು ನೋಡ್ತೀರ, ಒದ್ದೆ ಇದ್ರೆ ಒರೆಸ್ತೀರ. ಬೇರೆ ಕಡೆ ಅದೂ ಇಲ್ಲ. ಒಳ್ಳೇದು ಮಾಡಿರೋದು ಅದೇ ಇರಬಹುದಲ್ವಾ?"

ಬೆನ್ನಕ್ಕನ ಕಿವಿಗೆ ಈ ಕೊನೆಯ ಮಾತು ಬೀಳಲೇ ಇಲ್ಲ. ಉಜ್ಜಿದರೆ ಪೆಟ್ಟು ಎಂಬುದೊಂದೇ ಅಲ್ಲಿ ಗುಂಯ್‌ಗುಡುತ್ತಿತ್ತು. ತಾನು ಮೈಗಳ್ಳತನ ಮಾಡದೆ, ಬೇಸರಪಡದೆ, ಸೊಂಟ ನೋಯುವಾಗಲೂ ಬಗ್ಗಿ ಬಗ್ಗಿ ಉಜ್ಜಿದ ಬೆನ್ನುಗಳು ಒಂದೇ ಎರಡೇ? ತನ್ನ ಕೈಯಿಂದಲೇ ಕಲಿತ ಹುಡುಗಿ, ತನ್ನದೇ ಟೀ ಮೂಲೆಯಲ್ಲಿ ನಿಂತು, ಆ ಕೈ ಕೆಡುಕು ಮಾಡಿತೆಂದು ಹೇಳುತ್ತಿದ್ದಾಳೆ. ಅದೂ ಇಷ್ಟು ಮೆತ್ತಗೆ. ಜಗಳವಾಡುವ ದನಿಯಲ್ಲಾದರೂ ಹೇಳಿದ್ದರೆ ತಿರುಗಿ ಬಿದ್ದಾದರೂ ಬೀಳಬಹುದಿತ್ತು.

ಸಭೆಯಲ್ಲಿ ಓದೋ ಸಿಸ್ಟರ್ ಅಷ್ಟೇ ಮೆತ್ತಗೆ ಅದನ್ನೇ ಹೇಳಿದಳು. ಯಾರೂ ಬೆನ್ನಕ್ಕನ ಮುಖ ನೋಡಲಿಲ್ಲ. ನೋಡದೆ ಇರಲು ಎಲ್ಲರೂ ಪಡುತ್ತಿದ್ದ ಪಾಡು ಮಾತ್ರ ಅವಳಿಗೆ ಕಾಣುತ್ತಿತ್ತು. ಅವಳು ಎದ್ದುನಿಂತಳು.

"ಎಲ್ಲೋ ಯಾರದೋ ಬೆನ್ನಿನ ಮಾತು ಬೇಡ. ನಮ್ಮ ವಾರ್ಡಲ್ಲೇ ನೋಡೋಣ. ಮೂರು ತಿಂಗಳು ಮೂಳೆ ಮೇಲೆ ನಾವ್ಯಾರೂ ಉಜ್ಜಲ್ಲ. ನೀನು ಹೇಳಿದ ಹಾಗೇ ಮಾಡ್ತೀವಿ. ಹುಣ್ಣು ಜಾಸ್ತಿಯಾದ್ರೆ ನೀನು ಇಲ್ಲೇ ನಿಂತು, ನಾನು ಹೇಳಿದ್ದು ತಪ್ಪಾಯ್ತು ಅಂತ ಎಲ್ಲರೆದುರಿಗೆ ಹೇಳಬೇಕು."

"ಹೇಳ್ತೀನಿ ಅಕ್ಕ," ಎಂದಳು ಓದೋ ಸಿಸ್ಟರ್.

ಮಾತು ಕೊಟ್ಟ ಮೇಲೆ ಬೆನ್ನಕ್ಕ ಅಡ್ಡದಾರಿ ಹಿಡಿಯುವವಳಲ್ಲ. ಸ್ಪಿರಿಟ್ಟನ್ನು ಟ್ರೇಯಿಂದ ತೆಗೆದಳು. ಹೊತ್ತು ಹೊತ್ತಿಗೆ ರೋಗಿಗಳನ್ನು ಹೊರಳಿಸುವುದು, ಪೂರ್ತಿ ಮಗ್ಗುಲಾಗಿಸದೆ ಬೆನ್ನ ಹಿಂದೆ ದಿಂಬು ಕೊಟ್ಟು ಓರೆಯಾಗಿ ಮಲಗಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಡಿ ಮೆತ್ತೆ ಇಡುವುದು, ಚರ್ಮಕ್ಕೆ ಮುಲಾಮನ್ನು ಒತ್ತದೆ ಸವರುವುದು, ಎಲ್ಲವನ್ನೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಾಡಿಸಿದಳು. ರೋಗಿಗಳು ಗೊಣಗಿದರು. "ಏನಕ್ಕ, ಈಗ ಪೇಂಟ್ ಹೊಡೆದ ಹಾಗೆ ಸವರಿ ಹೋಗ್ತೀಯಲ್ಲ," ಎಂದ ಒಬ್ಬ. ಅವಳು ನಗಲಿಲ್ಲ. ಕೈ ಮಾತ್ರ ಆಗಾಗ ತಾನಾಗಿಯೇ ಬೆನ್ನಿನ ಬುಡಕ್ಕೆ ಹೋಗಿ ಊರಿಕೊಳ್ಳುತ್ತಿತ್ತು. ಅವಳು ಅದನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

ಮನೆಯಲ್ಲೂ ಒಂದು ಬೆನ್ನಿತ್ತು. ಅದು ಅತ್ತೆಯದು.

ಅತ್ತೆ ಒಂದು ಕಾಲದಲ್ಲಿ ಹೊಲಿಗೆ ಅಂಗಡಿ ನಡೆಸಿದವಳು. ಬಟ್ಟೆಯನ್ನು ಎಷ್ಟು ಸಲೀಸಾಗಿ ಕತ್ತರಿಸುತ್ತಿದ್ದಳೋ ಮಾತಿನಲ್ಲಿ ಮನುಷ್ಯರನ್ನೂ ಅಷ್ಟೇ ಸಲೀಸಾಗಿ ಕತ್ತರಿಸುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಭುಜ ಅಗಲ, ತಾಳ್ಮೆ ಗಿಡ್ಡ," ಎಂದಿದ್ದಳು. ಅತ್ತೆ ಸೊಸೆಯರ ನಡುವೆ ಅಲ್ಲಿಂದಾಚೆಗೆ ಬೇಕಾದಷ್ಟೇ ಮಾತು. ಪಾರ್ಶ್ವವಾಯು ಹೊಡೆದು ಅತ್ತೆಯ ಎಡಭಾಗ ಬಿದ್ದುಹೋದ ಮೇಲೆ ನೋಡಿಕೊಳ್ಳುವುದು ಸೊಸೆಯ ಪಾಲಿಗೇ ಬಂತು. ಗಂಡ ಒಳ್ಳೆಯವನೇ, ಆದರೆ ಅಮ್ಮನ ಮೈ ಒರೆಸಲು ಅವನಿಗೆ ಕೈ ಬರುತ್ತಿರಲಿಲ್ಲ, ಅಮ್ಮನಿಗೂ ಅದು ಬೇಡವಾಗಿತ್ತು. ಹೀಗೆ ದಿನಾ ಸಂಜೆ ಬೆನ್ನಕ್ಕ ಆಸ್ಪತ್ರೆಯಿಂದ ಬಂದು, ಕೈಕಾಲು ತೊಳೆದು, ಅತ್ತೆಯನ್ನು ಗೋಡೆಯ ಕಡೆಗೆ ಹೊರಳಿಸಿ ಬೆನ್ನುಜ್ಜುವುದು ರೂಢಿಯಾಯಿತು. ವಿಚಿತ್ರವೆಂದರೆ ಆ ಹೊತ್ತಿನಲ್ಲಿ ಅತ್ತೆಯ ನಾಲಿಗೆಯ ಕತ್ತರಿ ಮಡಚಿಕೊಳ್ಳುತ್ತಿತ್ತು. ಗೋಡೆ ನೋಡಿಕೊಂಡು ಅವಳು ಮೆಲ್ಲಗೆ ಮಾತಾಡುತ್ತಿದ್ದಳು: ಅಂಗಡಿಗೆ ಬರುತ್ತಿದ್ದ ಗಿರಾಕಿಗಳ ಸುದ್ದಿ, ತೀರಿಹೋದ ಮಾವನ ಸಿಡುಕು, ತಾನು ಹೊಲಿದ ಮೊದಲ ಕೋಟಿನ ತೋಳು ಉಲ್ಟಾ ಆದ ಕತೆ. ಸೊಸೆ ಹೂಂಗುಟ್ಟುತ್ತಾ ಉಜ್ಜುತ್ತಿದ್ದಳು.

ವಾರ್ಡಿನಲ್ಲಿ ನಿಲ್ಲಿಸಿದ್ದನ್ನು ಮನೆಯಲ್ಲಿ ಮುಂದುವರಿಸುವುದು ಹೇಗೆ? ಬೆನ್ನಕ್ಕ ಅಲ್ಲೂ ಹೊರಳಿಸಿ, ದಿಂಬು ಕೊಟ್ಟು, ಮುಲಾಮು ಸವರಿ ಎದ್ದುಬಿಡತೊಡಗಿದಳು. ಕೆಲಸ ಬೇಗ ಮುಗಿಯುತ್ತಿತ್ತು. ಅತ್ತೆ ಕೆಲವು ದಿನ ಏನೂ ಅನ್ನಲಿಲ್ಲ. ಕತೆಗಳು ನಿಂತವು. ಆಮೇಲೆ ಒಂದು ಸಂಜೆ ಗೋಡೆಯ ಕಡೆ ಮುಖ ಮಾಡಿದ್ದವಳು ಕೇಳಿದಳು:

"ನನ್ನ ಮೇಲೆ ಏನಾದ್ರೂ ಬೇಜಾರಾ?"

"ಇಲ್ಲ ಅತ್ತೆ. ಯಾಕೆ?"

"ಸವರಿ ಎದ್ದುಹೋಗ್ತೀಯ. ಮೊದಲು ಹಾಗಿರಲಿಲ್ಲ."

ಬೆನ್ನಕ್ಕ ವಿಷಯ ಹೇಳಿದಳು. ಉಜ್ಜಿದರೆ ಒಳ್ಳೆಯದಲ್ಲವಂತೆ, ಚರ್ಮ ಹಾಳಾಗಬಹುದಂತೆ, ವಾರ್ಡಿನಲ್ಲಿ ಪರೀಕ್ಷೆ ಮಾಡುತ್ತಿದ್ದೇವೆ. "ಅಂತೆ" ಎನ್ನುವಾಗ ಅವಳ ದನಿಯಲ್ಲಿ ಇನ್ನೂ ಕಹಿಯಿತ್ತು.

ಅತ್ತೆ ಕೇಳಿದಳು: "ಹಾಗಾದ್ರೆ ಇಷ್ಟು ವರ್ಷ ಮಾಡಿದ್ದು?"

ಬೆನ್ನಕ್ಕ ಬೇಸಿನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ, ಆಗಲೇ ತೊಳೆದಿದ್ದ ಅದನ್ನು ಮತ್ತೆ ತೊಳೆದಳು.

ಆ ದಿನಗಳಲ್ಲೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಗೆ ಡ್ರೈವರಜ್ಜ ಬಂದದ್ದು. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತನಾದ ಮುದುಕ. ಮನೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ. ಆಪರೇಷನ್ ಆಗಿತ್ತು, ಆದರೆ ಹೃದಯ ನಿಶ್ಶಕ್ತವೆಂದು ಡಾಕ್ಟರು ಎಬ್ಬಿಸಿ ನಡೆಸಲು ಅವಸರ ಮಾಡಿರಲಿಲ್ಲ. ಕಿಟಕಿಯಿಂದ ರಸ್ತೆ, ಅದರಾಚೆ ಬಸ್ ನಿಲ್ದಾಣ ಕಾಣುತ್ತಿತ್ತು. ಅಜ್ಜ ಇಡೀ ದಿನ ಹೋಗಿಬರುವ ಬಸ್ಸುಗಳ ಡ್ರೈವರುಗಳಿಗೆ ಮಾರ್ಕು ಕೊಡುತ್ತಿದ್ದ. "ನೋಡಕ್ಕ, ಕ್ಲಚ್ ಮೇಲಿಂದ ಕಾಲೇ ತೆಗಿಯಲ್ಲ ಪುಣ್ಯಾತ್ಮ. ಹೀಗೆ ಓಡಿಸಿದ್ರೆ ಗಾಡಿ ಎಷ್ಟು ದಿನ ಬಾಳ್ತದೆ?" ಕಾಲು ಇಲ್ಲಿಂದ ಹೇಗೆ ಕಾಣುತ್ತದೆಂದು ಕೇಳಿದರೆ, "ಕಾಣೋದ್ಯಾಕೆ, ಸದ್ದು ಕೇಳಿದ್ರೆ ಸಾಲದಾ?" ಎನ್ನುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ, ಅವನಷ್ಟೇ ಮುದುಕಿ, ಸ್ಟೂಲಿನ ಮೇಲೆ ಕೂತು ಹೂಂ ಹೂಂ ಎನ್ನುತ್ತಿದ್ದಳು.

ಮೂರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ಯಾರಿಗೂ ಹುಣ್ಣಾಗಿರಲಿಲ್ಲ. ಇದು ಬೆನ್ನಕ್ಕನಿಗೆ ನೆಮ್ಮದಿ ಕೊಡುವ ಬದಲು ಒಳಗೆಲ್ಲೋ ಚುಚ್ಚುತ್ತಿತ್ತು. ವಾರಕ್ಕೊಮ್ಮೆ ಓದೋ ಸಿಸ್ಟರ್ ಬಂದು, "ಎಲ್ಲ ಚೆನ್ನಾಗಿದೆಯಾ ಅಕ್ಕ?" ಎಂದು ಕೇಳಿದಾಗ, "ಹೂಂ," ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದಳು.

ಒಂದು ಬೆಳಗ್ಗೆ ಡ್ರೈವರಜ್ಜನನ್ನು ಹೊರಳಿಸಿ ಚಾದರ ಸರಿಮಾಡುವಾಗ ಅವಳ ಕಣ್ಣಿಗೆ ಅದು ಬಿತ್ತು. ಬೆನ್ನಿನ ಬುಡದಲ್ಲಿ ಚರ್ಮ ಕಿತ್ತಿತ್ತು. ದೊಡ್ಡದೇನಲ್ಲ, ಹೆಬ್ಬೆರಳ ಉಗುರಿನಷ್ಟು, ಒದ್ದೆ ಒದ್ದೆಯಾಗಿ ಹೊಳೆಯುತ್ತಿತ್ತು. ಉಜ್ಜದೆ ಬಿಟ್ಟ ಬೆನ್ನಿನಲ್ಲಿ ಹುಣ್ಣು. ಬರಲಿ, ಈಗ ಬರಲಿ ಆ ಹುಡುಗಿ ಎಂದುಕೊಂಡಳು. ಸಭೆಯಲ್ಲಿ ಏನು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು, ಎಲ್ಲವೂ ನಾಲಿಗೆ ತುದಿಗೆ ಬಂದು ನಿಂತಿತು.

ಅಜ್ಜನನ್ನು ಮತ್ತೆ ಈಚೆಗೆ ತಿರುಗಿಸಿದಾಗ ಅವನು ಅವಳ ಮುಖ ನೋಡಿದ.

"ಬೆನ್ನು ಚೆನ್ನಾಗಿದೆ ಅಂತ ಕಾಣ್ತದೆ," ಎಂದ. "ನಗ್ತಾ ಇದೀಯಲ್ಲ."

ತಾನು ನಗುತ್ತಿದ್ದುದು ಬೆನ್ನಕ್ಕನಿಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ನಗುವನ್ನು ಮುಖದಿಂದ ಇಳಿಸುವುದು ಹೇಗೆಂದು ತಿಳಿಯಲಿಲ್ಲ. "ಸಣ್ಣ ಗಾಯ ಆಗಿದೆ ಅಜ್ಜ. ನೋಡ್ಕೋತೀನಿ," ಎಂದಷ್ಟೇ ಹೇಳಿ, ಗಾಯಕ್ಕೆ ಬೇಕಾದ ಪಟ್ಟಿ ತರಲು ಹೋದಳು. ಕಪಾಟಿನ ಬಾಗಿಲು ತೆಗೆದು, ಏನು ತೆಗೆಯಲು ಬಂದೆನೆಂದು ಮರೆತು ನಿಂತಳು. ಒಬ್ಬ ಮುದುಕನ ಚರ್ಮ ಕಿತ್ತುಬಂದದ್ದಕ್ಕೆ ನನಗೆ ಖುಷಿಯಾಯಿತು. ಬೆನ್ನುಗಳ ಕಡೆಗಿದ್ದೇನೆ ಎಂದುಕೊಂಡವಳು ಯಾವಾಗ ನನ್ನ ಕಡೆಗೆ ಬಂದುಬಿಟ್ಟೆ? ಹುಣ್ಣು ಬರಲೆಂದು ಇಷ್ಟು ದಿನ ಕಾಯುತ್ತಿದ್ದೆನೇ? ಅದಕ್ಕೆ ಅವಳು ಕೊಟ್ಟುಕೊಂಡ ಉತ್ತರ ಅವಳಿಗೆ ಹಿತವಾಗಿರಲಿಲ್ಲ.

ಪಟ್ಟಿ ಹಾಕಿ, ಡಾಕ್ಟರಿಗೆ ತಿಳಿಸಿದ ಮೇಲೆ ಅವಳು ಓದೋ ಸಿಸ್ಟರ್‌ಗೆ ಫೋನು ಮಾಡಲಿಲ್ಲ. ಉಳಿದವರಿಗೆ ಕೆಲಸ ಹಂಚಿಕೊಟ್ಟು, ಅಜ್ಜನ ಹಾಸಿಗೆ ಕಾಣುವಂತೆ ಮೇಜಿನ ಬಳಿ ಕೂತಳು. ಹುಣ್ಣು ಆದದ್ದು ಹೇಗೆ? ಹೊರಳಿಸುವುದನ್ನು ಯಾರೂ ತಪ್ಪಿಸಿರಲಿಲ್ಲ. ಅದು ಅವಳಿಗೆ ಗೊತ್ತು. ದಿಂಬು ಸರಿಯಾಗಿತ್ತು. ಚಾದರ ಒಣಗಿತ್ತು. ಅವಳು ಸುಮ್ಮನೆ ನೋಡಿದಳು.

ಸಿಸ್ಟರ್ ಒಬ್ಬಳು ಅಜ್ಜನನ್ನು ಓರೆಯಾಗಿ ಮಲಗಿಸಿ ಆಚೆ ಹೋದಳು. ಅವಳು ಮರೆಯಾಗುವುದನ್ನೇ ಕಾಯುತ್ತಿದ್ದವನಂತೆ ಅಜ್ಜ ಹೆಂಡತಿಗೆ ಕಣ್ಸನ್ನೆ ಮಾಡಿದ. ಅಜ್ಜಿ ಎದ್ದು, ಮಂಚದ ಕಾಲ ಬಳಿ ಬಗ್ಗಿ, ತಲೆಭಾಗ ಎತ್ತುವ ಹಿಡಿಯನ್ನು ತಿರುಗಿಸತೊಡಗಿದಳು. "ಇನ್ನೊಂದು ಸ್ವಲ್ಪ," ಎಂದ ಅಜ್ಜ. "ಇನ್ನೊಂದು ಚೂರು." ಮಂಚದ ತಲೆ ಕುರ್ಚಿಯ ಬೆನ್ನಿನಂತೆ ಎದ್ದುನಿಂತಿತು. ಅಜ್ಜ ಡ್ರೈವರ್ ಸೀಟಿನಲ್ಲಿ ಕೂತವನಂತೆ ಕೂತು ರಸ್ತೆ ನೋಡಿದ. ಸ್ವಲ್ಪ ಹೊತ್ತಿಗೆ ಮೈ ಕೆಳಕ್ಕೆ ಜಾರಿತು. ಅಜ್ಜಿ ಅವನ ಕಂಕುಳಿಗೆ ಕೈಹಾಕಿ ಮೇಲಕ್ಕೆ ಎಳೆದಳು. ಮತ್ತೆ ಜಾರಿದ. ಮತ್ತೆ ಎಳೆದಳು. ಪ್ರತಿ ಸಲವೂ ಬೆನ್ನಿನ ಬುಡ ಚಾದರದ ಮೇಲೆ ಪರಕ್ಕನೆ ಉಜ್ಜಿಕೊಂಡು ಹೋಗುತ್ತಿತ್ತು.

ಬೆನ್ನಕ್ಕ ಎದ್ದುನಿಂತಳು. ಅವಳಿಗೆ ಅರ್ಥವಾಗಿತ್ತು. ಉಜ್ಜುವುದು ನಿಂತಿರಲೇ ಇಲ್ಲ. ಅವಳ ಕೈ ಬಿಟ್ಟದ್ದನ್ನು ಹಾಸಿಗೆ ಮಾಡುತ್ತಿತ್ತು. ಮೂಳೆಗೂ ಬಟ್ಟೆಗೂ ನಡುವೆ ಸಿಕ್ಕಿದ ಚರ್ಮ ಹೀಗೆ ಎಳೆದಾಡಿ ಎಳೆದಾಡಿ ಕಿತ್ತುಬಂದಿತ್ತು. ಮೆತ್ತಗಿನ ಚಾದರವೇ ಇಷ್ಟು ಮಾಡಿದರೆ, ಆಗಲೇ ಕೆಂಪಾದ ಚರ್ಮವನ್ನು ಮೂಳೆಗೆ ಒತ್ತಿ ಒತ್ತಿ ಉಜ್ಜಿದ ತನ್ನ ಅಂಗೈ? ಓದೋ ಸಿಸ್ಟರ್ ಕಾಗದದಲ್ಲಿ ಓದಿ ಹೇಳಿದ್ದು ಇದನ್ನೇ. ಆಗ ಕೇಳಿಸಿರಲಿಲ್ಲ.

ಓದೋ ಸಿಸ್ಟರ್‌ಗೆ ಫೋನು ಮಾಡಿದಳು. ಅವಳು ಓಡುತ್ತಾ ಬಂದಳು. ಪರದೆಯ ಹಿಂದೆ ಗಾಯ ನೋಡಿದಾಗ ಅವಳ ಮುಖ ಬಿಳುಚಿಕೊಂಡಿತು.

"ಅಕ್ಕ, ನಾನು ಸಭೆಯಲ್ಲಿ ಹೇಳ್ತೀನಿ. ಮಾತು ಕೊಟ್ಟಿದೀನಲ್ಲ."

"ಹೇಳುವಿಯಂತೆ. ಮೊದಲು ಇದು ಹೇಗಾಯ್ತು ನೋಡು," ಎಂದು ಬೆನ್ನಕ್ಕ ಮಂಚದ ಹಿಡಿ ತೋರಿಸಿದಳು.

ಇಬ್ಬರೂ ಅಜ್ಜನ ಮುಂದೆ ನಿಂತು ವಿಷಯ ಬಿಡಿಸಿ ಹೇಳಿದರು. ಅಜ್ಜ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಕಿಟಕಿ ನೋಡಿದ. "ಮಲಗಿದ್ರೆ ಬರೀ ಫ್ಯಾನ್ ಕಾಣ್ತದೆ," ಎಂದ. "ಅದನ್ನ ಎಷ್ಟು ಅಂತ ನೋಡೋದು?"

ಬೆನ್ನಕ್ಕ ಕಿಟಕಿಯನ್ನೂ ಮಂಚವನ್ನೂ ಎರಡೆರಡು ಸಲ ನೋಡಿ, "ಮಂಚ ತಿರುಗಿಸೋಣ," ಎಂದಳು. ತಲೆ ಇದ್ದ ಕಡೆ ಕಾಲು, ಕಾಲಿದ್ದ ಕಡೆ ತಲೆ ಬಂದರೆ, ತಗ್ಗಿನಲ್ಲಿ ಓರೆಯಾಗಿ ಮಲಗಿದ್ದರೂ ರಸ್ತೆ ಕಣ್ಣಿಗೆ ನೇರ. ಮಂಚದ ಗಾಲಿಗಳು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇಬ್ಬರು ಸಿಸ್ಟರುಗಳು, ಒಬ್ಬ ವಾರ್ಡ್ ಬಾಯ್, ಕಸ ಗುಡಿಸುವ ಆಯಾ, ಎಲ್ಲ ಸೇರಿ ನೂಕಿದರು. ಅಜ್ಜ ಮಲಗಿದಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದ. "ಎಡಕ್ಕೆ ಕಟ್ ಮಾಡು. ಇನ್ನೂ ಎಡಕ್ಕೆ. ಸಾಕು ಸಾಕು, ಹಿಂದೆ ಗೋಡೆ ಇದೆ. ಈಗ ನೇರ ಬಾ." ಮಂಚ ನಿಂತ ಮೇಲೆ ಅವನು ಓರೆಯಾಗಿ ಮಲಗಿ ಹೊರಗೆ ನೋಡಿ, "ಮೊದಲಿಗಿಂತ ಚೆನ್ನಾಗಿದೆ. ತಿರುವೂ ಕಾಣ್ತದೆ," ಎಂದ. ಅಜ್ಜಿ ಸೊಂಟ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತು, "ನಂಗೂ ಬಿಡುವು ಸಿಕ್ತು," ಎಂದಳು.

ಆ ಮಧ್ಯಾಹ್ನ ಟೀ ಮೂಲೆಯಲ್ಲಿ ಬೆನ್ನಕ್ಕ ಓದೋ ಸಿಸ್ಟರ್‌ಗೆ ಲೋಟ ಕೊಟ್ಟು, ಅವಳ ಕಡೆ ನೋಡದೆ ಹೇಳಿದಳು: "ಗಾಯ ಕಂಡಾಗ ನಾನು ನಕ್ಕೆ. ಅಜ್ಜ ನೋಡಿದ."

ಓದೋ ಸಿಸ್ಟರ್ ಟೀ ಮೇಲಿನ ಕೆನೆಯನ್ನು ಊದಿ ಬದಿಗೆ ಸರಿಸಿದಳು.

"ಹುಣ್ಣಾಗಿಲ್ಲ ಅಂತ ವಾರವಾರ ನೀವು ಹೇಳೋವಾಗ ನಂಗೆ ಎಷ್ಟು ಖುಷಿಯಾಗ್ತಿತ್ತು ಗೊತ್ತಾ ಅಕ್ಕ? ಆ ಖುಷಿ ರೋಗಿಗಳಿಗೋಸ್ಕರ ಅಂತ ಅಂದ್ಕೊಂಡಿದ್ದೆ. ಇವತ್ತು ಗಾಯ ನೋಡಿದಾಗ ಮೊದಲು ಬಂದ ಯೋಚನೆ, ಸಭೆಯಲ್ಲಿ ನನ್ನ ಮುಖ ಎಲ್ಲಿಡಲಿ ಅಂತ. ಅಜ್ಜನಿಗೆ ನೋಯ್ತಾ ಇದೆಯಾ ಅಂತ ಆಮೇಲೆ ನೆನಪಾಯ್ತು."

ಬೆನ್ನಕ್ಕ ಈಗ ಅವಳ ಕಡೆ ನೋಡಿದಳು. ಎಷ್ಟೋ ದಿನಗಳ ನಂತರ ಇಬ್ಬರೂ ಟೀ ಪೂರ್ತಿ ಕುಡಿದು ಎದ್ದರು.

ಮೂರು ತಿಂಗಳು ಮುಗಿದವು. ಅಜ್ಜನ ಗಾಯ ನಿಧಾನವಾಗಿ ಮುಚ್ಚಿತು. ಅವನು ಊರುಗೋಲು ಹಿಡಿದು ಮನೆಗೆ ಹೋದ. ಆಮೇಲೆ ಇನ್ನೊಬ್ಬರಿಗೆ ಹಿಮ್ಮಡಿಯಲ್ಲಿ ಒಂದು ಹುಣ್ಣಾಯಿತು. ಒಟ್ಟಿನಲ್ಲಿ ಹಿಂದಿಗಿಂತ ಜಾಸ್ತಿಯಾಗಲಿಲ್ಲ, ಸ್ವಲ್ಪ ಕಡಿಮೆಯೇ ಆಗಿತ್ತು. ಆಕಾಶ ಭೂಮಿಯ ವ್ಯತ್ಯಾಸವೇನಲ್ಲ. "ಇಷ್ಟರಿಂದಲೇ ಖಂಡಿತ ಅಂತ ಹೇಳೋಕಾಗಲ್ಲ. ನಮ್ಮ ವಾರ್ಡು ಚಿಕ್ಕದು," ಎಂದು ಓದೋ ಸಿಸ್ಟರೇ ಸಭೆಯಲ್ಲಿ ಹೇಳಿದಳು. ಅವಳು ಹಾಗೆ ಹೇಳಿದ್ದು ಬೆನ್ನಕ್ಕನಿಗೆ ಹಿಡಿಸಿತು. ಮಂಚದ ಹಿಡಿಯ ಕತೆಯನ್ನು ಬೆನ್ನಕ್ಕ ತಾನೇ ಹೇಳಿದಳು. ಎಲ್ಲ ವಾರ್ಡಿನವರೂ ತಂತಮ್ಮ ಮಂಚಗಳನ್ನು ಹೋಗಿ ನೋಡಿದರು. ಹೊರಳಿಸುವುದನ್ನು ಮರೆತೇಬಿಟ್ಟಿದ್ದ ವಾರ್ಡುಗಳಲ್ಲಿ ಅದು ಮತ್ತೆ ಶುರುವಾಯಿತು. ಬೆನ್ನಕ್ಕನಿಗೆ ಮೂಗು ಮುರಿಯಲು ಸಿಗುತ್ತಿದ್ದ ಅವಕಾಶವೂ ಕಡಿಮೆಯಾಯಿತು.

ಸಭೆ ಏಳುವ ಮುಂಚೆ ಅವಳು ಮತ್ತೆ ಕೈಯೆತ್ತಿದಳು.

"ಇನ್ನೊಂದು ಕೇಳಬೇಕು. ಬೆನ್ನು ಉಜ್ಜೋವಾಗ ಜನ ಮಾತಾಡ್ತಿದ್ರು. ಡಾಕ್ಟರ ಹತ್ರ ಹೇಳದೇ ಇದ್ದದ್ದು, ಮನೆಯವರ ಹತ್ರ ಹೇಳದೇ ಇದ್ದದ್ದು, ಎಲ್ಲ ಹೇಳ್ತಿದ್ರು. ನೋವು ಎಲ್ಲಿದೆ, ಹೆದರಿಕೆ ಯಾವುದಕ್ಕೆ ಅಂತ ನನಗೆ ಗೊತ್ತಾಗ್ತಿದ್ದದ್ದು ಆಗಲೇ. ಈಗ ಚರ್ಮ ಉಳೀತು, ಆ ಹೊತ್ತು ಹೋಯ್ತು. ಅದನ್ನ ಎಲ್ಲಿಂದ ತರೋದು?"

ಮೇಟ್ರನ್ ಓದೋ ಸಿಸ್ಟರ್ ಕಡೆ ನೋಡಿದರು. "ನಂಗೆ ಗೊತ್ತಿಲ್ಲ," ಎಂದಳು ಅವಳು. "ಹುಡುಕ್ತೀನಿ. ಆದರೆ ಇದನ್ನ ಹುಡುಕೋದು ಎಲ್ಲಿ ಅಂತ ನೀವೂ ಸ್ವಲ್ಪ ಹೇಳಿಕೊಡಬೇಕಾಗ್ತದೆ."

ಆ ಸಂಜೆ ಮನೆಯಲ್ಲಿ ಅತ್ತೆಯನ್ನು ಹೊರಳಿಸಿ, ದಿಂಬಿಟ್ಟು, ಮುಲಾಮು ಸವರಿದ ಮೇಲೆ ಬೆನ್ನಕ್ಕ ಏಳಲಿಲ್ಲ. ಅತ್ತೆಯ ಬೆನ್ನ ಹಿಂದೆ, ಮಂಚದ ಅಂಚಿನಲ್ಲಿ ಕೂತಳು.

"ಅವತ್ತು ಕೇಳಿದ್ರಲ್ಲ ಅತ್ತೆ, ಇಷ್ಟು ವರ್ಷ ಮಾಡಿದ್ದು ಏನಾಯ್ತು ಅಂತ."

"ಕೇಳಿದ್ದೆ. ನೀನು ಪಾತ್ರೆ ತೊಳೆಯೋಕೆ ಹೋದೆ."

"ಮೂಳೆ ಮೇಲೆ ಉಜ್ಜಿದ್ದು ತಪ್ಪು. ಅದರಿಂದ ಯಾರ್ಯಾರಿಗೆ ತೊಂದರೆಯಾಗಿದೆಯೋ ನಂಗೆ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ."

ಹೇಳಿಯಾದ ಮೇಲೆ ಅವಳಿಗೆ ಹಗುರವಾಗಲಿಲ್ಲ. ಆದರೆ ಹೇಳಿದ್ದು ನಿಜವಾಗಿತ್ತು. ಅದರ ಜೊತೆ ಕೂತಿರಬಹುದು ಎನ್ನಿಸಿತು.

ಅತ್ತೆ ಗೋಡೆ ನೋಡುತ್ತಲೇ ಕೇಳಿದಳು: "ನಾನು ಕತೆ ಹೇಳ್ತಿದ್ದದ್ದು ನೀನು ಉಜ್ತೀಯ ಅಂತ ಅಂದ್ಕೊಂಡೆಯಾ?"

"ಮತ್ತೆ?"

"ನಿನ್ನ ಮುಖ ಕಾಣ್ತಿರಲಿಲ್ಲ ಅದಕ್ಕೆ. ಎದುರು ಕೂತ್ರೆ ನಿನ್ನ ಹುಬ್ಬು ಗಂಟಿಕ್ಕಿರ್ತದೆ. ಯಾರಾದ್ರೂ ಏನು ಹೇಳೋದು ಅಂಥ ಮುಖಕ್ಕೆ?"

ಬೆನ್ನಕ್ಕನಿಗೆ ನಗು ಬಂತು. ಅತ್ತೆಗೆ ಅದು ಕಾಣಲಿಲ್ಲ, ಆದರೆ ಮಂಚ ಅಲುಗಿದ್ದು ಗೊತ್ತಾಗಿರಬೇಕು.

"ಇಲ್ಲೇ ಕೂತಿರು," ಎಂದಳು ಅತ್ತೆ. "ಕೈ ಸುಮ್ಮನೆ ಇಟ್ಕೊಂಡಿರೋಕೆ ಆಗಲ್ಲ ಅಂದ್ರೆ ಭುಜದ ಮೇಲಿಡು. ಅಲ್ಲಿ ಇಡಬಹುದೋ, ಅದಕ್ಕೂ ಸಭೆ ಕರೀಬೇಕೋ?"

"ಇಡಬಹುದು."

ಅವಳು ಅತ್ತೆಯ ಬಲಭುಜದ ಮೇಲೆ ಕೈಯಿಟ್ಟಳು. ಹೊರಗೆ ಪಕ್ಕದ ಮನೆಯವರು ಗೇಟು ಹಾಕುವ ಸದ್ದು ಕೇಳಿಸಿತು. ಅತ್ತೆ ಒಮ್ಮೆ ಗಂಟಲು ಸರಿಮಾಡಿಕೊಂಡು, ಅಂಗಡಿ ಮುಚ್ಚಿದ ವರ್ಷ ತನ್ನ ಹೊಲಿಗೆ ಮೆಷಿನ್ನನ್ನು ಯಾರಿಗೆ, ಯಾಕೆ ಕೊಟ್ಟೆನೆಂಬುದನ್ನು ಹೇಳತೊಡಗಿದಳು. ಆ ಸುದ್ದಿಯನ್ನು ಅವಳು ಆವರೆಗೆ ಮಗನಿಗೂ ಹೇಳಿರಲಿಲ್ಲ.